ಯಾವ ಸಮ್ನರ್, ಯಾವ ಲಿಂಕನ್? ಗುಲಾಮಗಿರಿ ವಿರೋಧಿ ನಾಯಕರ ಹಳೆಯ ಚಿತ್ರ ಆರಿಸುವ ಮುನ್ನ

ಕಳೆದ ವರ್ಷ ನ್ಯೂಜೆರ್ಸಿಯಿಂದ ತಂಗಿಯ ಮಗಳು ವಿಡಿಯೋ ಕಾಲ್ ಮಾಡಿದ್ದಳು. ಶಾಲೆಯ ಪ್ರಾಜೆಕ್ಟಿಗೆ ಅವಳ ಪಾಲಿಗೆ ಬಂದಿದ್ದು ಗುಲಾಮಗಿರಿಯ ವಿರುದ್ಧ ನಿಂತ ಅಮೆರಿಕದ ಸೆನೆಟರ್ ಚಾರ್ಲ್ಸ್ ಸಮ್ನರ್. "ದೊಡ್ಡಮ್ಮ, ಇವರದ್ದು ನಾಲ್ಕು ಚಿತ್ರ ಸಿಕ್ಕಿವೆ. ನಾಲ್ಕರಲ್ಲೂ ಬೇರೆ ಬೇರೆ ಥರ ಇದ್ದಾರೆ. ಯಾವುದು ಹಾಕ್ಲಿ?" ಅಂದಳು.

ಚೆನ್ನಾಗಿ ಕಾಣೋದು ಹಾಕು ಅಂತ ಹೇಳಿ ಫೋನ್ ಇಡಬಹುದಿತ್ತು. ಆದರೆ ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧ ನಿಂತ ರಾಜಕಾರಣಿಗಳ ಚಿತ್ರಗಳು ಈಗ ಬೇಕಾದಷ್ಟು ಸಿಗುತ್ತವೆ, ಅದೂ ಉಚಿತವಾಗಿ. ಹಾಗಾಗಿ ಸಮಸ್ಯೆ ಇರೋದು ಹುಡುಕುವುದರಲ್ಲಿ ಅಲ್ಲ, ಆರಿಸುವುದರಲ್ಲಿ. ಒಬ್ಬರೇ ಮನುಷ್ಯ ತಾಮ್ರದ ತಟ್ಟೆಯ ಮೇಲೆ ಒಂದು ಥರ, ಕಲ್ಲಚ್ಚಿನಲ್ಲಿ ಇನ್ನೊಂದು ಥರ, ತೈಲಚಿತ್ರದಲ್ಲಿ ಮತ್ತೊಂದು ಥರ ಕಾಣುತ್ತಾರೆ. ಲೇಖನಕ್ಕೆ, ತರಗತಿಯ ಗೋಡೆಗೆ, ಮಕ್ಕಳ ಪ್ರಾಜೆಕ್ಟಿಗೆ ಇವರ ಚಿತ್ರ ಹುಡುಕುವವರಿಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಈ ಜನ ನಮಗೆ ತೀರಾ ದೂರದವರೇನೂ ಅಲ್ಲ. ಜೋತಿರಾವ್ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಕರಿಯರನ್ನು ಗುಲಾಮಗಿರಿಯಿಂದ ಬಿಡಿಸಿದ ಅಮೆರಿಕದ ಒಳ್ಳೆಯ ಜನರಿಗೆ.

ಮೊದಲು ಇಸವಿ ನೋಡಿ

ಚಿತ್ರ ಎಷ್ಟು ಚಂದ ಅನ್ನುವುದಕ್ಕಿಂತ ಮೊದಲು ಅದು ಯಾವ ವರ್ಷದ್ದು ಅಂತ ನೋಡಬೇಕು. ನೀವು ಹೇಳಲು ಹೊರಟ ಕೆಲಸವನ್ನು ಆ ಮನುಷ್ಯ ಮಾಡುತ್ತಿದ್ದಾಗ ಮುಖ ಹೇಗಿತ್ತೋ ಆ ಮುಖ ಸಿಕ್ಕರೆ ಬೇರೆಯದು ಬೇಡ.

ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನೇ ತಗೊಳ್ಳಿ. ಹೆಚ್ಚಿನವರು ಹಾಕುವುದು ಶ್ವೇತಭವನದಲ್ಲಿರುವ ತೈಲಚಿತ್ರ. ಜಾರ್ಜ್ ಹೀಲಿ ಅದನ್ನು ಬರೆದದ್ದು 1858ರಲ್ಲಿ. ಆಡಮ್ಸ್ ತೀರಿಕೊಂಡಿದ್ದು 1848ರಲ್ಲಿ. ಅವರು ಅಧ್ಯಕ್ಷರಾಗಿದ್ದರು ಅಂತ ಹೇಳಲು ಆ ಚಿತ್ರ ಸಾಕು. ಆದರೆ ಗುಲಾಮಗಿರಿಯ ವಿರುದ್ಧ ಅವರ ದೊಡ್ಡ ಹೋರಾಟ ಶುರುವಾದದ್ದೇ ಅಧ್ಯಕ್ಷಗಿರಿ ಮುಗಿದ ಮೇಲೆ. 1831ರಿಂದ ಸಾಯುವವರೆಗೂ ಅವರು ಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು. ಗುಲಾಮಗಿರಿ ಬೇಡ ಅಂತ ಜನ ಕಳಿಸಿದ ಮನವಿಗಳನ್ನು ಸಭೆ ಚರ್ಚೆಗೇ ತೆಗೆದುಕೊಳ್ಳಬಾರದು ಅಂತ 1836ರಲ್ಲಿ ಒಂದು ನಿಯಮ ಬಂತು. ಬಾಯಿ ಕಟ್ಟುವ ನಿಯಮ ಅಂತಲೇ ಅದಕ್ಕೆ ಹೆಸರು. ಎಂಟು ವರ್ಷ ಪಟ್ಟು ಬಿಡದೆ ಜಗಳ ಮಾಡಿ 1844ರಲ್ಲಿ ಅದು ರದ್ದಾಗುವಂತೆ ಮಾಡಿದವರು ಈ ಮುದುಕರು. ಅದರ ನಡುವೆ, 1841ರಲ್ಲಿ, ಗುಲಾಮರಾಗಿ ಸಾಗಿಸುತ್ತಿದ್ದಾಗ ದಂಗೆಯೆದ್ದ ಆಮಿಸ್ಟಾಡ್ ಹಡಗಿನ ಆಫ್ರಿಕನ್ನರ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದಾಗ ಅವರಿಗೆ 73 ವರ್ಷ.

ಆ ಜಗಳದ ಮಧ್ಯದಲ್ಲಿ ತೆಗೆದ ಫೋಟೋನೇ ನಮಗೆ ಸಿಗುತ್ತದೆ. 1843ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನ ಫಿಲಿಪ್ ಹಾಸ್ ತೆಗೆದ ಡಾಗೆರೊಟೈಪ್, ಅಂದರೆ ತಾಮ್ರದ ತಟ್ಟೆಯ ಮೇಲಿನ ಫೋಟೋ ಅದು. ಅಮೆರಿಕದ ಅಧ್ಯಕ್ಷರಾಗಿದ್ದವರ ಮೂಲ ಫೋಟೋಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು ಇದೇ ಅಂತ ಗುರುತಿಸಿದ್ದಾರೆ. ಆಡಮ್ಸ್ ಇದನ್ನು ವರ್ಮಾಂಟಿನ ಸಂಸದ ಹೊರೇಸ್ ಎವರೆಟ್ ಅವರಿಗೆ ಉಡುಗೊರೆ ಕೊಟ್ಟಿದ್ದರು. 2017ರಲ್ಲಿ ಹರಾಜಿಗೆ ಬಂದಾಗ 3,60,500 ಡಾಲರಿಗೆ ಹೋಯಿತು. ಈಗ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಬೋಳು ತಲೆ, ಕೆನ್ನೆಯ ಎರಡೂ ಕಡೆ ಬಿಳಿ ಗಡ್ಡ, ಕಾಲ ಮೇಲೆ ಕಾಲು ಹಾಕಿ ಕುರ್ಚಿಯಲ್ಲಿ ಕೂತಿದ್ದಾರೆ. ಇವರ ಮನಸ್ಸು ಬದಲಾಯಿಸೋದು ಕಷ್ಟ ಅಂತ ನೋಡಿದ ಕೂಡಲೇ ಅನ್ನಿಸುತ್ತದೆ. ಅದೇ ವರ್ಷ ಆಗಸ್ಟಿನಲ್ಲಿ ಯುಟಿಕಾ ಊರಿನಲ್ಲಿ ತೆಗೆಸಿಕೊಂಡ ಡಾಗೆರೊಟೈಪುಗಳ ಬಗ್ಗೆ ಅವರು ಡೈರಿಯಲ್ಲಿ ಬರೆದದ್ದು, ಎಲ್ಲವೂ ವಿಕಾರವಾಗಿವೆ ಅಂತ. ಅವರಿಗೆ ಹಿಡಿಸದಿರಬಹುದು. ನನಗಂತೂ ಹೀಲಿಯ ತೈಲಚಿತ್ರಕ್ಕಿಂತ ಈ ತಟ್ಟೆಯ ಮುಖವೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ತಟ್ಟೆ, ಗಾಜು, ಕಲ್ಲು, ಕ್ಯಾನ್ವಾಸು

ಡಾಗೆರೊಟೈಪ್ ಅಂದರೆ ಬೆಳ್ಳಿ ಲೇಪಿಸಿ ಕನ್ನಡಿ ಥರ ಉಜ್ಜಿದ ತಾಮ್ರದ ತಟ್ಟೆ. ನೆಗೆಟಿವ್ ಇರುವುದಿಲ್ಲ, ಒಂದು ಸಲಕ್ಕೆ ಒಂದೇ ಪ್ರತಿ. 1840ರ ದಶಕದಲ್ಲಿ ಚಿತ್ರ ಮೂಡುವವರೆಗೆ ಅಲ್ಲಾಡದೆ ಕೂರಬೇಕಿತ್ತು. ತಲೆ ಅಲುಗದಿರಲಿ ಅಂತ ಹಿಂದೆ ಕಬ್ಬಿಣದ ಆಸರೆ ಇಡುತ್ತಿದ್ದರು. ಈ ನಾಯಕರೆಲ್ಲ ಮುಖ ಗಂಟು ಹಾಕಿಕೊಂಡಂತೆ ಕಾಣುವುದಕ್ಕೆ ಅದೂ ಒಂದು ಕಾರಣ. ಹಾಗಾಗಿ ಈ ಚಿತ್ರಗಳನ್ನು ನೋಡಿ ಸಿಡುಕಿನ ಮನುಷ್ಯ ಅಂತ ತೀರ್ಮಾನಿಸಬೇಡಿ.

ಇನ್ನೊಂದು ವಿಷಯ ತಿಳಿದಿರಲಿ. ಡಾಗೆರೊಟೈಪಿನಲ್ಲಿ ಸಾಮಾನ್ಯವಾಗಿ ಎಡ ಬಲ ಅದಲು ಬದಲಾಗಿರುತ್ತದೆ, ಕನ್ನಡಿಯಲ್ಲಿ ನೋಡಿದ ಹಾಗೆ. ಬೈತಲೆ ಯಾವ ಕಡೆ, ಅಂಗಿಯ ಗುಂಡಿ ಯಾವ ಕಡೆ, ಉಂಗುರ ಯಾವ ಕೈಯಲ್ಲಿ ಅಂತ ನೋಡಿದರೆ ಗೊತ್ತಾಗುತ್ತದೆ. ಅದನ್ನು ತಿರುಗಿಸಿ ಹಾಕಬೇಕಾ? ಬೇಡ ಅಂತಲೇ ನಾನು ಹೇಳುತ್ತೇನೆ. ಮೂಲ ಹೇಗಿದೆಯೋ ಹಾಗೇ ಹಾಕಿ, ಕೆಳಗೆ ಒಂದು ಸಾಲು ಬರೆಯಿರಿ.

1850ರ ದಶಕದ ಕೊನೆಗೆ ಗಾಜಿನ ನೆಗೆಟಿವ್ ಎಲ್ಲ ಕಡೆ ಬಂತು. ಒಂದು ಗಾಜಿನಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ಭೇಟಿ ಕಾರ್ಡಿನ ಅಳತೆಯ ಫೋಟೋಗಳನ್ನು ಜನ ಕೊಂಡು ಆಲ್ಬಮ್ಮಿಗೆ ಹಾಕಿಕೊಳ್ಳುತ್ತಿದ್ದರು. ನಮಗೆ ಇಂದು ಜಾಸ್ತಿ ಸಿಗುವುದು ಈ ಕಾಲದ ಚಿತ್ರಗಳೇ. ದೊಡ್ಡದಾಗಿ ಪ್ರಿಂಟ್ ಹಾಕಿಸಲು ಇವೇ ಒಳ್ಳೆಯವು, ಕೋಟಿನ ನೂಲು ಕೂಡ ಎಣಿಸಬಹುದು. ಆದರೆ ಈ ಗಾಜಿನ ಮೇಲಿನ ರಾಸಾಯನಿಕ ನೀಲಿ ಬೆಳಕನ್ನು ಬೇಗ ಹಿಡಿಯುತ್ತದೆ, ಕೆಂಪನ್ನು ಹಿಡಿಯುವುದೇ ಇಲ್ಲ ಅನ್ನಬಹುದು. ಅದಕ್ಕೇ ತಿಳಿಗಣ್ಣುಗಳು ಬಿಳಿಚಿಕೊಳ್ಳುತ್ತವೆ, ಕೆಂಪು ಕೆನ್ನೆ ಕಪ್ಪಾಗುತ್ತದೆ, ಸುಕ್ಕುಗಳು ಆಳವಾಗುತ್ತವೆ. ಮನುಷ್ಯ ಇದ್ದದ್ದಕ್ಕಿಂತ ಹತ್ತು ವರ್ಷ ದೊಡ್ಡವನಂತೆ ಕಾಣುತ್ತಾನೆ.

ಫೋಟೋಗ್ರಾಫರ್ ಮ್ಯಾಥ್ಯೂ ಬ್ರೇಡಿ ಅನ್ನುವ ಹೆಸರು ಎಲ್ಲ ಕಡೆ ಕಾಣುತ್ತದೆ. ಬ್ರೇಡಿಗೆ ಕಣ್ಣು ಮಂಜಾಗಿತ್ತು. ಅವರ ಸ್ಟುಡಿಯೋದ ಎಷ್ಟೋ ಚಿತ್ರಗಳನ್ನು ಕ್ಯಾಮೆರಾ ಹಿಂದೆ ನಿಂತು ತೆಗೆದವರು ಕೆಲಸಗಾರರು. ಆದ್ದರಿಂದ "ಬ್ರೇಡಿ ತೆಗೆದ ಫೋಟೋ" ಅನ್ನುವ ಬದಲು "ಬ್ರೇಡಿ ಸ್ಟುಡಿಯೋದ ಫೋಟೋ" ಅಂತ ಬರೆಯುವುದು ಸರಿ.

ಕೆತ್ತನೆ ಮತ್ತು ಕಲ್ಲಚ್ಚಿನ ಚಿತ್ರಗಳದ್ದು ಬೇರೆ ಲೋಕ. ಆ ಕಾಲದ ಪತ್ರಿಕೆಗಳಿಗೆ ಫೋಟೋವನ್ನು ನೇರವಾಗಿ ಅಚ್ಚು ಹಾಕಲು ಬರುತ್ತಿರಲಿಲ್ಲ. ಫೋಟೋ ನೋಡಿಕೊಂಡು ಒಬ್ಬರು ಮರದಲ್ಲಿ ಕೆತ್ತುತ್ತಿದ್ದರು. ಸಾಮಾನ್ಯ ಜನ ಈ ನಾಯಕರ ಮುಖ ಕಂಡಿದ್ದು ಹೆಚ್ಚಾಗಿ ಹೀಗೇ. ಜನ ಅವರನ್ನು ಹೇಗೆ ನೋಡಿದರು ಅಂತ ತೋರಿಸಬೇಕಿದ್ದರೆ ಇದು ಒಳ್ಳೆಯ ಆಯ್ಕೆ. ಅವರು ಹೇಗಿದ್ದರು ಅಂತ ತೋರಿಸಲು ಇದನ್ನು ನಂಬಿಕೊಂಡರೆ ಮೋಸ ಹೋಗಬಹುದು. ಎಷ್ಟರ ಮಟ್ಟಿಗೆ ಅಂತ ಲಿಂಕನ್ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಸಮ್ನರ್: ನಾಲ್ಕು ಚಿತ್ರ, ನಾಲ್ಕು ಕಥೆ

ತಂಗಿಯ ಮಗಳಿಗೆ ಸಿಕ್ಕ ಮೊದಲನೆಯದು ಈಸ್ಟ್‌ಮನ್ ಜಾನ್ಸನ್ 1846ರಲ್ಲಿ ಬರೆದ ಚಿತ್ರ. ಕವಿ ಲಾಂಗ್‌ಫೆಲೋ ತಮ್ಮ ಮನೆಗೆ ಅಂತ ಗೆಳೆಯರ ಚಿತ್ರಗಳನ್ನು ಬರೆಸಿದ್ದರು, ಅದರಲ್ಲಿ ಇದೂ ಒಂದು. ಕೇಂಬ್ರಿಜ್‌ನ ಅದೇ ಮನೆಯಲ್ಲಿ ಈಗಲೂ ಇದೆ. 35 ವರ್ಷದ, ಲಕ್ಷಣವಾದ ವಕೀಲ. ಆಗಿನ್ನೂ ಅವರು ಸೆನೆಟರ್ ಅಲ್ಲ. ಬಾಸ್ಟನ್ನಿನ ಶಾಲೆಗಳಲ್ಲಿ ಕರಿಯ ಮಕ್ಕಳನ್ನು ಬೇರೆ ಕೂರಿಸಬಾರದು ಅಂತ 1849ರಲ್ಲಿ ಕರಿಯ ವಕೀಲ ರಾಬರ್ಟ್ ಮಾರಿಸ್ ಜೊತೆ ಸೇರಿ ವಾದಿಸಿದ ಸಮ್ನರ್ ಬಗ್ಗೆ ಬರೆಯುವವರಿಗೆ ಈ ಚಿತ್ರ ಹತ್ತಿರವಾದದ್ದು. ಆ ಮೊಕದ್ದಮೆಯಲ್ಲಿ ಅವರು ಸೋತರು. ಆದರೂ ಮಕ್ಕಳಿಗೆ ಹೇಳಬೇಕಾದ ಕಥೆ ಅದು.

ಎರಡನೆಯದು ಜಾನ್ ಮಗೀ ಅವರ 1856ರ ಕಲ್ಲಚ್ಚು. ಆ ವರ್ಷ ಮೇ 19 ಮತ್ತು 20ರಂದು ಸಮ್ನರ್ ಕಾನ್ಸಸ್‌ನಲ್ಲಿ ಗುಲಾಮಗಿರಿ ಹೇರುವವರ ವಿರುದ್ಧ ಸೆನೆಟ್ಟಿನಲ್ಲಿ ಕಟುವಾಗಿ ಮಾತಾಡಿದರು. 22ರಂದು ದಕ್ಷಿಣ ಕೆರೊಲಿನಾದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಒಳಗೆ ಬಂದು, ಡೆಸ್ಕಿನಲ್ಲಿ ಕೂತಿದ್ದವರನ್ನು ಬೆತ್ತದಿಂದ ರಕ್ತ ಸುರಿಯುವ ಹಾಗೆ ಹೊಡೆದ. ಮಗೀ ಬರೆದ ಚಿತ್ರದಲ್ಲಿ ಬ್ರೂಕ್ಸ್‌ನ ಮುಖವೇ ಕಾಣುವುದಿಲ್ಲ. ಎತ್ತಿದ ತೋಳು, ಕೋಲು ಅಷ್ಟೇ. ಕೆಳಗೆ ಬಿದ್ದ ಸಮ್ನರ್ ಕೈಯಲ್ಲಿ ಲೇಖನಿ. ಇದು ಭಾವಚಿತ್ರ ಅಲ್ಲ, ಸಿಟ್ಟಿನಿಂದ ಬರೆದ ವಾದ. ಉತ್ತರದ ರಾಜ್ಯಗಳ ಜನರ ರಕ್ತ ಹೇಗೆ ಕುದಿಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಇಲ್ಲ. ಆದರೆ ಇದನ್ನು ಒಂದನ್ನೇ ಹಾಕಿದರೆ ಸಮ್ನರ್ ಅಂದರೆ ಪೆಟ್ಟು ತಿಂದವರು ಅಷ್ಟೇ ಅಂತ ಆಗಿಬಿಡುತ್ತದೆ.

ಮೂರನೆಯದು ಬ್ರೇಡಿ ಸ್ಟುಡಿಯೋದ ಗಾಜಿನ ಫೋಟೋ. ಮೈ ತುಂಬಿದೆ, ಮುಖ ಭಾರವಾಗಿದೆ. ನಾಲ್ಕನೆಯದು 1863ರಲ್ಲಿ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದದ್ದು. ಅದರಲ್ಲಿ ಸಮ್ನರ್ ಮತ್ತು ಲಾಂಗ್‌ಫೆಲೋ ಇಬ್ಬರೂ ಕೂತಿದ್ದಾರೆ. ಹದಿನೇಳು ವರ್ಷದ ಹಿಂದೆ ಗೋಡೆಗೆ ಚಿತ್ರ ಬರೆಸಿದ ಅದೇ ಗೆಳೆಯ ಈಗ ಪಕ್ಕದಲ್ಲಿ. ಇವೆರಡರಲ್ಲಿ ನನಗೆ ನಾಲ್ಕನೆಯದೇ ಇಷ್ಟ. ಸಮ್ನರ್ ಅವರನ್ನು ಮಾತಿನ ಮಲ್ಲ ಅಂತ ಮಾತ್ರ ತೋರಿಸುವ ಚಿತ್ರಗಳ ನಡುವೆ, ಇವರಿಗೂ ಒಬ್ಬ ಹಳೆಯ ಗೆಳೆಯ ಇದ್ದ ಅಂತ ಇದು ನೆನಪಿಸುತ್ತದೆ.

ಪ್ರತಿನಿಧಿ ಸಭೆಯ ಗುಲಾಮಗಿರಿ ವಿರೋಧಿ ನಾಯಕ ಥ್ಯಾಡಿಯಸ್ ಸ್ಟೀವನ್ಸ್ ವಿಷಯದಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾಯಿಲೆಯಿಂದ ಕೂದಲು ಉದುರಿ ವಿಗ್ ಹಾಕುತ್ತಿದ್ದರು, ಹುಟ್ಟಿನಿಂದ ಒಂದು ಪಾದ ಊನ. ಒಂಟಿ ಮುಖದ ಫೋಟೋಗಳಲ್ಲಿ ವಿಗ್ ಎದ್ದು ಕಾಣುತ್ತದೆ, ಅದನ್ನು ಅಳಿಸಿ ಸರಿ ಮಾಡಿದ ಚಿತ್ರಗಳನ್ನು ಬಿಟ್ಟುಬಿಡಿ. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಮೇಲೆ ಮಹಾಭಿಯೋಗ ನಡೆಸಿದ ಏಳು ಜನರ ಗುಂಪು ಫೋಟೋ ಇದೆ. ಅದರಲ್ಲಿ ಸ್ಟೀವನ್ಸ್ ಕೋಲು ಹಿಡಿದು ಕೂತಿದ್ದಾರೆ, ಸೊರಗಿ ಹೋಗಿದ್ದಾರೆ. ಆಗಸ್ಟಿನಲ್ಲಿ ತೀರಿಕೊಂಡರು. ಕರಿಯರಿಗೂ ಜಾಗ ಕೊಡುವ ಸ್ಮಶಾನದಲ್ಲೇ ತಮ್ಮನ್ನು ಹೂಳಬೇಕು ಅಂತ ಆರಿಸಿಕೊಂಡಿದ್ದ ಮನುಷ್ಯ. ನನ್ನ ಆಯ್ಕೆ ಆ ಗುಂಪು ಫೋಟೋನೇ.

ಲಿಂಕನ್: ಗಡ್ಡ ನೋಡಿ, ಮಚ್ಚೆ ನೋಡಿ

ಲಿಂಕನ್ ಚಿತ್ರಗಳಲ್ಲಿ ಜನ ಜಾಸ್ತಿ ತಪ್ಪು ಮಾಡುವುದು ಗಡ್ಡದ ವಿಷಯದಲ್ಲಿ. ಅವರು ಗಡ್ಡ ಬಿಟ್ಟಿದ್ದು 1860ರ ಚುನಾವಣೆಯ ಹೊತ್ತಿಗೆ. ಗ್ರೇಸ್ ಬೆಡೆಲ್ ಅನ್ನುವ 11 ವರ್ಷದ ಹುಡುಗಿ ಗಡ್ಡ ಬಿಡಿ, ಚೆನ್ನಾಗಿ ಕಾಣುತ್ತೀರಿ ಅಂತ ಕಾಗದ ಬರೆದಿದ್ದಳು. ಆದ್ದರಿಂದ 1858ರಲ್ಲಿ ಎದುರಾಳಿ ಸ್ಟೀಫನ್ ಡಗ್ಲಸ್ ಜೊತೆ ನಡೆದ ಚರ್ಚೆಗಳ ಬಗ್ಗೆ ಬರೆದು ಗಡ್ಡದ ಫೋಟೋ ಹಾಕಿದರೂ ತಪ್ಪು, 1863ರ ವಿಮೋಚನಾ ಘೋಷಣೆಯ ಪಕ್ಕ ನುಣ್ಣನೆ ಮುಖ ಹಾಕಿದರೂ ತಪ್ಪು. ಚುನಾವಣೆಗೆ ಮುಂಚಿನ ಮುಖ ಬೇಕಿದ್ದರೆ 1860ರ ಫೆಬ್ರವರಿ 27ರ ಫೋಟೋ ಇದೆ. ನ್ಯೂಯಾರ್ಕಿನ ಕೂಪರ್ ಯೂನಿಯನ್ ಭಾಷಣದ ದಿನ ಬ್ರೇಡಿ ತೆಗೆದದ್ದು. ಕತ್ತು ಉದ್ದ ಕಾಣದಿರಲಿ ಅಂತ ಬ್ರೇಡಿ ಕಾಲರ್ ಮೇಲಕ್ಕೆ ಎಳೆಸಿದ್ದರಂತೆ.

ನನ್ನ ಮನಸ್ಸು ನಿಲ್ಲುವುದು 1865ರ ಫೆಬ್ರವರಿ 5ರ ಗಾರ್ಡ್ನರ್ ಫೋಟೋ ಮೇಲೆ. ಗುಲಾಮಗಿರಿಯನ್ನು ಕಾನೂನಿನಿಂದಲೇ ಕಿತ್ತುಹಾಕುವ 13ನೇ ತಿದ್ದುಪಡಿ ಪ್ರತಿನಿಧಿ ಸಭೆಯಲ್ಲಿ ಪಾಸಾಗಿದ್ದು ಜನವರಿ 31ಕ್ಕೆ. ಅದಾಗಿ ಐದೇ ದಿನಕ್ಕೆ ತೆಗೆದದ್ದು. ಗಾಜು ಬಿರುಕು ಬಿಟ್ಟಿತು, ಒಂದೇ ಒಂದು ಪ್ರತಿ ತೆಗೆಯಲು ಆಯಿತು. ತಲೆಯ ಮೇಲ್ಭಾಗದಲ್ಲಿ ಆ ಬಿರುಕಿನ ಗೆರೆ ಹಾಗೇ ಇದೆ. ಕೆನ್ನೆ ಗುಳಿ ಬಿದ್ದಿದೆ. ತುಟಿಯಲ್ಲಿ ನಗು ಇದೆಯೋ ಇಲ್ಲವೋ ಅನ್ನುವಷ್ಟು. ಕೆಲವರು ಕಂಪ್ಯೂಟರಿನಲ್ಲಿ ಬಿರುಕು ಅಳಿಸಿ ಹಂಚುತ್ತಾರೆ. ದಯವಿಟ್ಟು ಅದನ್ನು ಬಳಸಬೇಡಿ.

ಈಗ ಕಲ್ಲಚ್ಚು, ಕೆತ್ತನೆಯ ಮೋಸದ ಮಾತು. ಮೇಜಿನ ಪಕ್ಕ ಉದ್ದನೆ ಮೇಲಂಗಿಯಲ್ಲಿ ರಾಜಗಾಂಭೀರ್ಯದಿಂದ ನಿಂತ ಲಿಂಕನ್ ಚಿತ್ರ ಒಂದಿದೆ. ಸುಮಾರು 1865ರಲ್ಲಿ ವಿಲಿಯಂ ಪೇಟ್ ಮಾರಿದ ಮುದ್ರಣ. ಆ ದೇಹ ಲಿಂಕನ್‌ರದ್ದಲ್ಲ. 1852ರ ಒಂದು ಕೆತ್ತನೆಯಲ್ಲಿದ್ದ ಜಾನ್ ಕ್ಯಾಲ್ಹೂನ್‌ನದ್ದು. ಗುಲಾಮಗಿರಿ ಒಳ್ಳೆಯದು ಅಂತ ಸೆನೆಟ್ಟಿನಲ್ಲೇ ವಾದಿಸಿದ ಮನುಷ್ಯ ಅವನು. ಅವನ ತಲೆ ತೆಗೆದು ಲಿಂಕನ್ ತಲೆ ಕೂರಿಸಿದ್ದಾರೆ. ಮೇಜಿನ ಮೇಲಿದ್ದ ಕಾಗದಗಳ ಬರಹವನ್ನೂ ಬದಲಾಯಿಸಿದ್ದಾರೆ. ತಲೆಯನ್ನು ಮುಂದೆ ಐದು ಡಾಲರ್ ನೋಟಿಗೆ ಬಳಸಿದ 1864ರ ಫೋಟೋದಿಂದ ತಿರುಗಿಸಿ ತೆಗೆದಿದ್ದರಿಂದ ಮಚ್ಚೆ ಎಡ ಕೆನ್ನೆಗೆ ಹೋಯಿತು. ಲಿಂಕನ್‌ರ ಮಚ್ಚೆ ಇದ್ದದ್ದು ಬಲ ಕೆನ್ನೆಯಲ್ಲಿ, ಅಂದರೆ ಚಿತ್ರದಲ್ಲಿ ನಮ್ಮ ಎಡಕ್ಕೆ ಬರಬೇಕು. ಸುಳ್ಳು ಸಿಕ್ಕಿಬಿದ್ದಿದ್ದು ಆ ಮಚ್ಚೆಯಿಂದಲೇ. ನಿಂತ ಲಿಂಕನ್ ಚಿತ್ರ ಎದುರಾದರೆ ಮೊದಲು ಮಚ್ಚೆ ನೋಡಿ.

ಗುಂಪು ಚಿತ್ರ ಬೇಕಿದ್ದರೆ ಫ್ರಾನ್ಸಿಸ್ ಕಾರ್ಪೆಂಟರ್ ಅವರ ತೈಲಚಿತ್ರ ಇದೆ. 1862ರ ಜುಲೈ 22ರಂದು ಲಿಂಕನ್ ಸಂಪುಟಕ್ಕೆ ವಿಮೋಚನಾ ಘೋಷಣೆ ಓದಿದ ದೃಶ್ಯ. 1864ರಲ್ಲಿ ಆರು ತಿಂಗಳು ಶ್ವೇತಭವನದಲ್ಲೇ ಇದ್ದು ಬರೆದರು. 9 ಅಡಿ ಎತ್ತರ, 15 ಅಡಿ ಅಗಲ, ಈಗ ಸೆನೆಟ್ ಕಡೆಯ ಮೆಟ್ಟಿಲ ಮೇಲಿದೆ. ಮುಖಗಳು ನಂಬಬಹುದಾದವು, ಯಾಕೆಂದರೆ ಎದುರಿಗೆ ಕೂರಿಸಿಕೊಂಡೂ ಫೋಟೋ ತೆಗೆಸಿಕೊಂಡೂ ಬರೆದದ್ದು. ಕೂತ ಜಾಗ ಮಾತ್ರ ಕಲಾವಿದರ ಲೆಕ್ಕ. ಒಂದು ಅಂಕಣಕ್ಕೆ ಇಳಿಸಿದರೆ ಮುಖಗಳು ಸಾಸಿವೆ ಕಾಳಾಗುತ್ತವೆ. ದೊಡ್ಡ ಗೋಡೆ ಇದ್ದರೆ ಮಾತ್ರ ಇದನ್ನು ಆರಿಸಿ.

ಅದೇ ಚಿತ್ರದಲ್ಲಿರುವ ಸಾಲ್ಮನ್ ಚೇಸ್, ಓಡಿಬಂದ ಗುಲಾಮರ ಪರ ವಾದಿಸುತ್ತಿದ್ದ ಒಹಾಯೋ ವಕೀಲ. ಹಣಕಾಸು ಮಂತ್ರಿಯಾದ ಮೇಲೆ 1862ರ ಒಂದು ಡಾಲರ್ ನೋಟಿನಲ್ಲಿ ತಮ್ಮದೇ ಮುಖ ಹಾಕಿಸಿಕೊಂಡರು. ವಕೀಲ ಚೇಸ್ ಬೇಕಿದ್ದರೆ ನೋಟಿನ ಚಿತ್ರ ಬೇಡ.

ಡಗ್ಲಸ್, ರೆವೆಲ್ಸ್ ಮತ್ತು ಪ್ರಿಂಟ್ ಅಂಗಡಿ

ಇಲ್ಲಿಯವರೆಗೆ ಹೇಳಿದವರೆಲ್ಲ ಬಿಳಿಯರು. ಫ್ರೆಡರಿಕ್ ಡಗ್ಲಸ್ ವಿಷಯಕ್ಕೆ ಬಂದರೆ, ಚಿತ್ರ ಮಾಡಿದ್ದು ಯಾರು ಅನ್ನುವುದು ಇಸವಿಗಿಂತ ದೊಡ್ಡ ಪ್ರಶ್ನೆ. ಗುಲಾಮರಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ಮುಂದೆ ವಾಷಿಂಗ್ಟನ್ನಿನ ಮಾರ್ಷಲ್ ಆಗಿ, ಹೈಟಿಗೆ ಅಮೆರಿಕದ ಪ್ರತಿನಿಧಿಯಾಗಿ ಹೋದವರು. ಬಿಳಿಯ ಕಲಾವಿದರು ಕರಿಯರ ಮುಖವನ್ನು ಇದ್ದ ಹಾಗೆ ಬರೆಯುವುದೇ ಇಲ್ಲ, ಉಬ್ಬಿಸಿ ವಿಕಾರ ಮಾಡುತ್ತಾರೆ ಅಂತ 1849ರಲ್ಲಿ ತಮ್ಮ ಪತ್ರಿಕೆಯಲ್ಲಿ ನೇರವಾಗಿ ಬರೆದರು. ಅದಕ್ಕೆ ಅವರು ಕಂಡುಕೊಂಡ ದಾರಿ ಕ್ಯಾಮೆರಾ. 160ಕ್ಕೂ ಹೆಚ್ಚು ಬೇರೆ ಬೇರೆ ಫೋಟೋ ಸಿಕ್ಕಿವೆ. ಆ ಶತಮಾನದ ಅಮೆರಿಕದಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡವರು ಇವರೇ ಅನ್ನುತ್ತಾರೆ ವಿದ್ವಾಂಸರು. ಲಿಂಕನ್ ಅಲ್ಲ. ಹಾಗಾಗಿ ಡಗ್ಲಸ್‌ಗೆ ಕೆತ್ತನೆ, ತೈಲಚಿತ್ರ ಯಾವುದೂ ಬೇಡ. ಫೋಟೋನೇ ಹಾಕಿ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿರುವ ಸ್ಯಾಮ್ಯುಯೆಲ್ ಮಿಲ್ಲರ್ ಡಾಗೆರೊಟೈಪ್, 1847ರಿಂದ 1852ರ ನಡುವಿನದು, ನನ್ನ ಪ್ರಕಾರ ಈ ಇಡೀ ಸಾಲಿನಲ್ಲೇ ಶ್ರೇಷ್ಠ. ಹುಬ್ಬು ಗಂಟಿಕ್ಕಿದೆ. ನೋಟ ತಪ್ಪಿಸುವುದಿಲ್ಲ.

ಇದನ್ನೂ ಸೇರಿಸಿ ಆರು ಚಿತ್ರಗಳನ್ನು ನಮ್ಮ ಓದುವ ಬಳಗದ ಗೋಡೆಗೆ ಅಂತ ಎ3 ಅಳತೆಯಲ್ಲಿ ಪ್ರಿಂಟ್ ಹಾಕಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಸಂಜೆ ಹೋದಾಗ ಕಂಪ್ಯೂಟರ್ ಮುಂದಿದ್ದ ಹುಡುಗ ಖುಷಿಯಿಂದ ತೋರಿಸಿದ. "ಮೇಡಂ, ಇದೊಂದು ತುಂಬಾ ಡಾರ್ಕ್ ಇತ್ತು. ಫೇಸ್ ಬ್ರೈಟ್ ಮಾಡಿದ್ದೀನಿ, ನೋಡಿ ಹೇಗೆ ಬಂದಿದೆ." ಡಗ್ಲಸ್ ಮುಖ ಬೆಳ್ಳಗಾಗಿತ್ತು. ಉಳಿದ ಐದನ್ನು ಅವನು ಮುಟ್ಟಿರಲಿಲ್ಲ. ಮದುವೆ ಫೋಟೋಗಳಿಗೆ, ಪಾಸ್‌ಪೋರ್ಟ್ ಫೋಟೋಗಳಿಗೆ ದಿನಾ ಮಾಡುವ ಕೆಲಸವನ್ನೇ ಒಳ್ಳೆಯ ಮನಸ್ಸಿನಿಂದ ಮಾಡಿದ್ದ. ನನಗೆ ಕೂಡಲೇ ಮಾತು ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಇವರು ಯಾರು, ಏನು ಬರೆದಿದ್ದರು ಅಂತ ಹೇಳಿದೆ. ಅವನು ಮೂಲ ಫೈಲ್ ತೆರೆದು, ಏನೂ ಮುಟ್ಟದೆ ಮತ್ತೆ ಪ್ರಿಂಟ್ ತೆಗೆದ. ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡಿ, "ಇದರಲ್ಲಿ ಕಣ್ಣು ಮಾತಾಡುತ್ತೆ ಅಲ್ವಾ ಮೇಡಂ" ಅಂದ. ಪ್ರಿಂಟ್‌ಗೆ ಕೊಡುವಾಗ "ಬಣ್ಣ, ಬೆಳಕು ಏನೂ ಬದಲಾಯಿಸಬೇಡಿ" ಅಂತ ಮೊದಲೇ ಹೇಳಿ. ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಮುದ್ರಣವನ್ನು ನಂಬಬೇಡಿ ಅಂತ ಮೇಲೆ ಹೇಳಿದೆ. ಹೈರಮ್ ರೆವೆಲ್ಸ್ ವಿಷಯದಲ್ಲಿ ಮಾತ್ರ ನಾನು ಮುದ್ರಣವನ್ನೇ ಆರಿಸುತ್ತೇನೆ. 1870ರ ಫೆಬ್ರವರಿ 25ರಂದು ಮಿಸಿಸಿಪ್ಪಿಯಿಂದ ಸೆನೆಟ್ಟಿಗೆ ಬಂದ ಅವರು ಅಮೆರಿಕದ ಮೊದಲ ಕರಿಯ ಸೆನೆಟರ್. ಥಿಯೊಡೋರ್ ಕಾಫ್‌ಮನ್ ಬರೆದ ಅವರ ಚಿತ್ರವನ್ನು ಬಾಸ್ಟನ್ನಿನ ಲೂಯಿ ಪ್ರಾಂಗ್ ಬಣ್ಣದ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ನಮ್ಮ ಅಜ್ಜಿಯರ ಮನೆಯಲ್ಲಿದ್ದ ರವಿವರ್ಮನ ಲಕ್ಷ್ಮಿ, ಸರಸ್ವತಿ ಪಟಗಳು ಮುಂದೆ ಬಂದಿದ್ದೂ ಇದೇ ವಿಧಾನದಲ್ಲಿ. ಪ್ರಾಂಗ್ ಕಳಿಸಿದ ಪ್ರತಿ ನೋಡಿ ಡಗ್ಲಸ್ ಮೆಚ್ಚಿ ಕಾಗದ ಬರೆದರು. ಇಷ್ಟು ದಿನ ನಮ್ಮನ್ನು ಕೋತಿಗಳಂತೆ ಬರೆಯುತ್ತಿದ್ದರು, ಅದಕ್ಕೇ ನಮ್ಮ ಜನ ಮನೆಯ ಗೋಡೆಗೆ ಚಿತ್ರ ಹಾಕುತ್ತಿರಲಿಲ್ಲ, ಇದರಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ ಅನ್ನುವ ಅರ್ಥದಲ್ಲಿ. ಮುಖ ವಿಕಾರ ಮಾಡುತ್ತಾರೆ ಅಂತ ಸಿಟ್ಟಾಗಿದ್ದವರೇ ಒಪ್ಪಿದ ಚಿತ್ರ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವುದಿದೆ? ರೆವೆಲ್ಸ್ ಜೊತೆ ಆ ಕಾಲದ ಇತರ ಆರು ಕರಿಯ ಸಂಸದರೂ ಬೇಕಿದ್ದರೆ ಕರಿಯರ್ ಮತ್ತು ಐವ್ಸ್ ಕಂಪನಿಯ 1872ರ ಗುಂಪು ಮುದ್ರಣ ಇದೆ.

ಇಳಿಸಿಕೊಳ್ಳುವಾಗ

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1954ರಲ್ಲಿ ಬ್ರೇಡಿಯವರ ಸಂಬಂಧಿ ಹ್ಯಾಂಡಿ ಕುಟುಂಬದಿಂದ ಸಾವಿರಾರು ಗಾಜಿನ ನೆಗೆಟಿವ್ ಕೊಂಡಿತು. ಅವು ಆನ್‌ಲೈನಿನಲ್ಲಿವೆ. ಸಣ್ಣ ಜೆಪೆಗ್ ಬಿಟ್ಟು ದೊಡ್ಡ ಟಿಫ್ ಫೈಲನ್ನೇ ಇಳಿಸಿಕೊಳ್ಳಿ. ಎ3ಗೆ ಚೆನ್ನಾಗಿ ಬರಲು ಸುಮಾರು 3500 ಗುಣಿಸು 5000 ಪಿಕ್ಸೆಲ್ ಬೇಕು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಕೂಡ 2020ರಿಂದ ಲಕ್ಷಗಟ್ಟಲೆ ಚಿತ್ರಗಳನ್ನು ಮುಕ್ತವಾಗಿ ಬಿಟ್ಟಿದೆ. ಚಿತ್ರದ ಪುಟದಲ್ಲಿ ಯಾರು ಬೇಕಾದರೂ ಬಳಸಬಹುದು ಅನ್ನುವ ಸಿಸಿ0 (CC0) ಗುರುತು ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಕೆಲವು ಕಡೆ ದಿನಾಂಕ "1855ರಿಂದ 1865ರ ನಡುವೆ" ಅಂತ ಇರುತ್ತದೆ. ಅದು ಅಂದಾಜು. ಗಡ್ಡ, ಕೂದಲು, ಮೈ ನೋಡಿ ನೀವೂ ತಾಳೆ ಹಾಕಿ. ಬಣ್ಣ ಹಚ್ಚಿದ, ಎಐ ಬಳಸಿ ಚೂಪು ಮಾಡಿದ ಪ್ರತಿಗಳಲ್ಲಿ ಚರ್ಮದ ಬಣ್ಣ, ಕಣ್ಣಿನ ಬಣ್ಣ ಎಲ್ಲ ಊಹೆ. ಈ ಜನರ ವಿಷಯದಲ್ಲಿ ಚರ್ಮದ ಬಣ್ಣವನ್ನು ಊಹೆಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಚಿತ್ರದ ಕೆಳಗೆ ಹೆಸರು, ವರ್ಷ, ತೆಗೆದವರು ಅಥವಾ ಬರೆದವರು, ಯಾವ ಬಗೆಯ ಚಿತ್ರ, ಮೂಲ ಎಲ್ಲಿದೆ ಅಂತ ಬರೆಯಿರಿ. ಒಂದೇ ಸಾಲು ಸಾಕು.

ತಂಗಿಯ ಮಗಳು ಕೊನೆಗೆ ಎರಡು ಹಾಕಿದಳು. ಮಗೀ ಕಲ್ಲಚ್ಚು ಚಿಕ್ಕದಾಗಿ ಮೇಲೆ, ಗಾರ್ಡ್ನರ್ ಫೋಟೋ ದೊಡ್ಡದಾಗಿ ಕೆಳಗೆ. ಚಾರ್ಟಿನ ಫೋಟೋ ಕಳಿಸಿದ್ದಳು. ದೊಡ್ಡ ಚಿತ್ರದ ಕೆಳಗೆ ಅವಳೇ ಬರೆದಿದ್ದ ಸಾಲಿನ ಅರ್ಥ ಇಷ್ಟು: "1863. ಹೊಡೆತ ಬಿದ್ದು ಏಳು ವರ್ಷ. ಇನ್ನೂ ಸೆನೆಟ್ಟಿನಲ್ಲೇ ಇದ್ದಾರೆ. ಪಕ್ಕದಲ್ಲಿ ಅವರ ಗೆಳೆಯ."